ಇಂದಾಪುರದ ಅಳತೆಯೂ ನಮ್ಮ ಮನೆಯ ಕಾಗದಗಳೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವದೇ ದೊಡ್ಡ ಸಾಹಸವಾಗಿತ್ತು. ಜಾಗೆ ಹಿರಿಯರದು, ಕಲ್ಲು ಹಳ್ಳದ್ದು, ತೊಲೆ ಹೊಲದ ಬೇವಿನದು. ಬೇಕಾದದ್ದು ದುಡ್ಡು ಮತ್ತು ದುಡಿಮೆ ಎರಡೇ. ಇಂದು ಪಟ್ಟಣ ಸೇರಿದ ನಮ್ಮಂಥವರು ಮನೆಯನ್ನು ಕಟ್ಟುವದಕ್ಕಿಂತ ಕೊಳ್ಳುವದೇ ಹೆಚ್ಚು. ಕೊಳ್ಳುವವರು ಅಡಿಗೆಮನೆಗೆ ಬೆಳಕು ಬರುವದೋ, ನಳಕ್ಕೆ ನೀರು ಬರುವದೋ, ತಲೆಬಾಗಿಲು ಯಾವ ದಿಕ್ಕಿಗಿದೆಯೋ ಎಂದು ನಾಲ್ಕು ಸಲ ನೋಡುತ್ತಾರೆ. ಕಾಗದಗಳನ್ನು ಮಾತ್ರ ವಕೀಲರು ನೋಡಿಕೊಳ್ಳಲಿ, ಬ್ಯಾಂಕಿನವರು ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಆದರೆ ಜೀವಮಾನದ ಉಳಿತಾಯವನ್ನು ಎಣಿಸಿ ಕೊಟ್ಟಾಗ ನಮ್ಮ ಕೈಗೆ ಮೊದಲು ಬರುವದು ಗೋಡೆಯಲ್ಲ, ಕಾಗದ. ಗೋಡೆ ಬಿರುಕು ಬಿಟ್ಟರೆ ಗಾರೆ ತುಂಬಬಹುದು. ಕಾಗದದಲ್ಲಿ ಬಿರುಕಿದ್ದರೆ ಮಕ್ಕಳ ಕಾಲಕ್ಕೂ ಅದು ಮುಚ್ಚುವದಿಲ್ಲ.

ಬ್ಯಾಂಕಿನ ಮೇಜಿನ ಮೇಲೆ ಇಂತಹ ಕಾಗದಗಳನ್ನು ದಿನಾಲೂ ಕಾಣುವ ನನ್ನಂಥವನಿಗೆ ಒಂದು ಮಾತು ಸ್ಪಷ್ಟವಾಗಿ ತೋರುತ್ತದೆ. ಜನರು ಕಾಗದಗಳನ್ನು ತರುವದಿಲ್ಲವೆಂದಲ್ಲ, ಕಟ್ಟುಗಟ್ಟಲೆ ತರುತ್ತಾರೆ. ಆದರೆ ಯಾವ ಕಾಗದ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಒಂದೊಂದು ಕಾಗದವೂ ಒಂದೊಂದು ಕಾಲದಲ್ಲಿ, ಒಂದೊಂದು ಗರಜಿಗಾಗಿ ಹುಟ್ಟಿತು. ಆ ಗರಜು ಯಾವುದೆಂದು ತಿಳಿದರೆ ಆ ಕಾಗದವನ್ನು ಎಷ್ಟು ನಂಬಬೇಕು, ಎಲ್ಲಿಗೆ ನಂಬಿಕೆ ನಿಲ್ಲಿಸಬೇಕು ಎಂಬುದೂ ತಿಳಿಯುತ್ತದೆ. ಈ ಕಥೆಯ ಬಹುಭಾಗ ಆರಂಭವಾಗುವದು ಪುಣೆ ಜಿಲ್ಲೆಯ ಇಂದಾಪುರದಲ್ಲಿ.

ಪುಣೆಯಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಇಂದಾಪುರವನ್ನು ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿರುವರು. ತಾಲೂಕಿನ ಒಂದು ಪಕ್ಕಕ್ಕೆ ಭೀಮೆ, ಇನ್ನೊಂದು ಪಕ್ಕಕ್ಕೆ ನೀರಾ. ಎರಡೂ ನದಿಗಳು ನೀರಾ ನರಸಿಂಗಪುರದಲ್ಲಿ ಕೂಡುತ್ತವೆ. ಮುಂದೆ ಅದೇ ಭೀಮೆ ವಿಜಯಪುರ, ಕಲಬುರ್ಗಿಗಳ ಕಡೆಗೆ ಹರಿದು ನಮ್ಮ ನಾಡಿನ ನೀರಾಗುತ್ತದೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಕಾದಾಡಿ ಮಡಿದದ್ದು ಇಂದಾಪುರದಲ್ಲಿ. ಮಾಲೋಜಿಯ ಮಗ ಶಹಾಜಿ ಪುಣೆ, ಸುಪೆಗಳ ಜಹಗೀರಿಯ ಜೊತೆಗೆ ಮುಂದೆ ಬೆಂಗಳೂರಿನ ಜಹಗೀರಿಯನ್ನೂ ಪಡೆದು, 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡನು. ಹೀಗೆ ಇಂದಾಪುರಕ್ಕೂ ಕನ್ನಡ ನಾಡಿಗೂ ನಂಟು ಹಳೆಯದು. ಆದರೆ ನಾವಿಲ್ಲಿ ಹೇಳಹೊರಟ ನಂಟು ಕತ್ತಿಯದಲ್ಲ, ಅಳತೆಯ ಸರಪಳಿಯದು.

1818ರಲ್ಲಿ ಪೇಶವೆಯರ ಆಡಳಿತ ಕೊನೆಗೊಂಡು ಈ ಪ್ರದೇಶ ಕಂಪನಿಯ ಕೈಸೇರಿತು. ಭೂಮಿಯ ಕಂದಾಯವೇ ಸರಕಾರದ ಮುಖ್ಯ ಆದಾಯ. ಯಾವ ಹೊಲಕ್ಕೆ ಎಷ್ಟು ಕಂದಾಯ ಹಾಕಬೇಕೆಂಬುದನ್ನು ಶಾಸ್ತ್ರೀಯವಾಗಿ ಗೊತ್ತುಮಾಡಬೇಕೆಂದು ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಗೆ ಪುಣೆಯ ಸುತ್ತಲಿನ ಸೀಮೆಯ ಮೋಜಣಿಗೆ ತೊಡಗಿದನು. ಪ್ರತಿಯೊಂದು ಹೊಲದ ಉತ್ಪನ್ನವೆಷ್ಟು, ಬೇಸಾಯದ ಖರ್ಚೆಷ್ಟು, ನಿವ್ವಳ ಉಳಿಯುವದೆಷ್ಟು ಎಂದು ಲೆಕ್ಕ ಹಾಕಿ, ಆ ನಿವ್ವಳದಲ್ಲಿ ನೂರಕ್ಕೆ 55ರಷ್ಟನ್ನು ಸರಕಾರಕ್ಕೆ ಗೊತ್ತುಮಾಡುವದು ಅವನ ಯೋಜನೆ. ಕಾಗದದ ಮೇಲೆ ಲೆಕ್ಕ ಸೊಗಸಾಗಿತ್ತು. ನೆಲದ ಮೇಲೆ ಅಳತೆಯವರು ಲಂಚಕ್ಕೆ ಕೈಚಾಚಿದರು, ಅಂದಾಜುಗಳು ಸುಳ್ಳಾದವು, ಜೊತೆಗೆ ಧಾನ್ಯದ ಬೆಲೆಯೂ ಇಳಿಯಿತು. ಕಂದಾಯದ ಭಾರ ತಾಳದೆ ರೈತರು ಊರುಬಿಟ್ಟರು. ಇಂದಾಪುರದ ಹೊಲಗಳು ಬೀಳುಬಿದ್ದವು. ಚೆಂದಾಗಿ ಬರೆದ ಕಾಗದವೆಲ್ಲ ಸತ್ಯವಲ್ಲ ಎಂಬ ಮೊದಲ ಪಾಠವನ್ನು ಇಂದಾಪುರವು ಹೀಗೆ ಕಲಿಸಿತು.

1835ರಲ್ಲಿ ಈ ತಪ್ಪನ್ನು ತಿದ್ದುವ ಕೆಲಸ ಗೋಲ್ಡ್‌ಸ್ಮಿಡ್ ಎಂಬ ಸಹಾಯಕ ಕಲೆಕ್ಟರನ ಪಾಲಿಗೆ ಬಂದಿತು. ಎಂಜಿನಿಯರ ದಳದ ವಿಂಗೇಟ್ ಅವನಿಗೆ ಜೊತೆಯಾದನು. ಅವರು ನಿವ್ವಳ ಉತ್ಪನ್ನದ ಗೊಡವೆ ಬಿಟ್ಟರು. ಹೊಲವನ್ನು ಅಳೆದು, ಮಣ್ಣಿನ ಆಳ ಮತ್ತು ಗುಣಗಳನ್ನು ಆಣೆಗಳ ಲೆಕ್ಕದಲ್ಲಿ ವಿಂಗಡಿಸಿ, ಹಿಂದಿನ ವರ್ಷಗಳ ವಸೂಲಿಯ ಅನುಭವವನ್ನು ನೋಡಿ, ರೈತನು ತೆರಬಲ್ಲಷ್ಟು ಹಗುರವಾದ ಆಕಾರವನ್ನು ಗೊತ್ತುಮಾಡಿದರು. 1836ರಲ್ಲಿ ಆರಂಭವಾದ ಈ ಏರ್ಪಾಡನ್ನು 30 ವರ್ಷ ಬದಲಿಸುವದಿಲ್ಲವೆಂದು ಸರಕಾರ ಮಾತು ಕೊಟ್ಟಿತು. ಊರು ಬಿಟ್ಟವರು ಮರಳಿದರು, ಬೀಳು ಬಿದ್ದ ನೆಲ ಸಾಗುವಳಿಗೆ ಬಂದಿತು.

ನಾವಿಂದು ಸಲೀಸಾಗಿ ಆಡುವ 'ಸರ್ವೆ ನಂಬರು' ಎಂಬ ಮಾತು ಮುಂಬಯಿ ಇಲಾಖೆಯಲ್ಲಿ ಬೇರು ಬಿಟ್ಟದ್ದು ಈ ಏರ್ಪಾಡಿನಿಂದ. ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ, ಒಂದು ನಕಾಶೆ, ಅಂಚುಗಳಲ್ಲಿ ಬಾಂದುಗಲ್ಲು. ಅಳತೆಯ ಸರಪಳಿ 33 ಅಡಿ ಉದ್ದದ್ದು. ಆ ಸರಪಳಿಯ ಒಂದು ಚೌಕವೇ ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯಲ್ಲಿ 16 ಆಣೆ. ಬೆಂಗಳೂರಿನಲ್ಲಿ 30ಕ್ಕೆ 40 ಅಡಿಯ ಸಾಯಿಟು ಕೊಳ್ಳುವವನು ತಿಳಿಯದೆಯೇ ಈ ಅಳತೆಯ ಹತ್ತಿರ ಬಂದಿರುತ್ತಾನೆ. ಅದು ಒಂದು ಗುಂಟೆಗಿಂತ 111 ಚದರಡಿ ಹೆಚ್ಚು, ಅಷ್ಟೇ. ಇಂದಿನ ಮಹಾರಾಷ್ಟ್ರದ ಉತಾರಗಳಲ್ಲಿ ಹೆಕ್ಟೇರು ಮತ್ತು ಆರ್ ಇರುತ್ತವೆ. ಒಂದು ಆರ್ ಎಂದರೆ ಸುಮಾರು 1,076 ಚದರಡಿ. ಮಾತುಕತೆ ಗುಂಟೆಯಲ್ಲಿ ನಡೆದು ಬರಹ ಆರ್‌ನಲ್ಲಿ ಆದರೆ ಗುಂಟೆಗೆ 13 ಅಡಿಯಷ್ಟು ವ್ಯತ್ಯಾಸ ಬೀಳುತ್ತದೆಂಬುದನ್ನು ಕೊಳ್ಳುವವನು ಮರೆಯಬಾರದು.

ಇಂದಾಪುರದ ಪದ್ಧತಿ ಇಂದಾಪುರದಲ್ಲಿಯೇ ನಿಲ್ಲಲಿಲ್ಲ. 1840ರ ದಶಕದಲ್ಲಿ ವಿಂಗೇಟನೇ ದಕ್ಷಿಣ ಮರಾಠಾ ದೇಶವೆಂದು ಆಗ ಕರೆಯುತ್ತಿದ್ದ ನಮ್ಮ ಧಾರವಾಡ, ಬೆಳಗಾವಿಗಳ ಕಡೆಗೆ ಮೋಜಣಿಯ ಮುಖ್ಯಸ್ಥನಾಗಿ ಬಂದನು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಈ ಮೂವರು ಬರೆದ ಜಂಟಿ ವರದಿಯು ಮುಂಬಯಿ ಇಲಾಖೆಯ ಮೋಜಣಿಗೆಲ್ಲ ಆಧಾರಗ್ರಂಥದಂತಾಯಿತು. ಬೌರಿಂಗ್ ಕಮಿಶನರನಾಗಿದ್ದಾಗ 1863ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಮಾದರಿಯ ಮೋಜಣಿ ಖಾತೆಯನ್ನು ತೆರೆಯಿತು. 1956ರ ನವೆಂಬರ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಕೂಡಿದವು. ಅಂದು ರಾಜಧಾನಿ ಬದಲಾಯಿತು, ಕಚೇರಿಯ ಭಾಷೆ ಬದಲಾಗತೊಡಗಿತು. ಹೊಲದ ಬದುವಿನ ಮೇಲಿನ ಬಾಂದುಗಲ್ಲು ಮಾತ್ರ ಕದಲಲಿಲ್ಲ. ಧಾರವಾಡದ ರೈತ ಇಂದಿಗೂ 'ಉತಾರ' ಎನ್ನುತ್ತಾನೆ, ಇಂದಾಪುರದ ರೈತ 'ಉತಾರಾ' ಎನ್ನುತ್ತಾನೆ. ಎರಡು ರಾಜ್ಯ, ಎರಡು ಭಾಷೆ. ಆದರೆ ಒಂದೇ ಸರಪಳಿಯ ಕೊಂಡಿಗಳು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಲಕ್ಷ್ಯದಲ್ಲಿಡಬೇಕು. ಈ ಮೋಜಣಿ ನಡೆದದ್ದು ಕಂದಾಯಕ್ಕಾಗಿ. ಯಾರು ಮಾಲೀಕರು ಎಂಬುದನ್ನು ತೀರ್ಮಾನಿಸಲು ಅಲ್ಲ. "ಈ ಹೊಲದ ದುಡ್ಡನ್ನು ಯಾರಿಂದ ಕೇಳಬೇಕು?" ಎಂಬುದಷ್ಟೇ ಸರಕಾರದ ಪ್ರಶ್ನೆಯಾಗಿತ್ತು. ಆದುದರಿಂದಲೇ ಇನ್ನೊಂದು ವಿಚಿತ್ರವೂ ಘಟಿಸಿತು. ಕಂದಾಯ ಬರುವ ಹೊಲಗಳನ್ನೆಲ್ಲ ಅಂಗುಲ ಬಿಡದೆ ಅಳೆದವರು, ಜನ ವಾಸಿಸುವ ಊರಿನ ನಿವೇಶನವನ್ನು, ಮರಾಠಿಯಲ್ಲಿ ಗಾಂವಠಾಣ ಎಂದೂ ನಮ್ಮಲ್ಲಿ ಗ್ರಾಮಠಾಣವೆಂದೂ ಕರೆಯುವ ಜಾಗೆಯನ್ನು, ಒಳಗೆ ಒಂದೊಂದು ಮನೆಯಂತೆ ಅಳೆಯದೆ ಬಿಟ್ಟರು. ಅಲ್ಲಿಂದ ಕಂದಾಯವಿಲ್ಲ, ಅಂದ ಮೇಲೆ ಅಳತೆಯೇತಕ್ಕೆ? ಹೀಗಾಗಿ ಜೋಳ ಬೆಳೆಯುವ ನೆಲಕ್ಕೆ ಸಿಕ್ಕ ದಾಖಲೆ, ಮನುಷ್ಯ ಮಲಗುವ ನೆಲಕ್ಕೆ ಸಿಗಲಿಲ್ಲ. ಮುಂದೆ ಕೆಲವು ಪಟ್ಟಣಗಳಲ್ಲಿ ಸಿಟಿ ಸರ್ವೆ ನಡೆದು ಆಸ್ತಿಪತ್ರಿಕೆಗಳು ಬಂದವು. ಹಳ್ಳಿಗಳ ಮನೆಗಳನ್ನು ಡ್ರೋನ್ ಯಂತ್ರದಿಂದ ಅಳೆದು ಪತ್ರ ಕೊಡುವ ಸ್ವಾಮಿತ್ವ ಯೋಜನೆಯನ್ನು ಕೇಂದ್ರ ಸರಕಾರ ಆರಂಭಿಸಿದ್ದು 2020ರ ಏಪ್ರಿಲ್ 24ರಂದು, ಇಂದಾಪುರದ ಏರ್ಪಾಡಿನ 184 ವರ್ಷಗಳ ತರುವಾಯ!

ಆದ್ದರಿಂದ ಹಳೆಯ ಊರೊಳಗಿನ ಮನೆಯನ್ನು ಕೊಳ್ಳುವವನಿಗೆ ಗ್ರಾಮ ಪಂಚಾಯತಿಯ ಮನೆಪಟ್ಟಿಯ ಉತಾರವನ್ನಷ್ಟೇ ತೋರಿಸಿದರೆ, ಅದು ಮನೆಯ ಕರ ಯಾರು ಕಟ್ಟುತ್ತಾರೆಂಬುದರ ಪುರಾವೆ ಎಂದು ತಿಳಿಯಬೇಕು. ಮನೆ ಯಾರದೆಂಬುದರ ಪುರಾವೆಯೆಂದಲ್ಲ. ನಮ್ಮ ಕಡೆಯ 'ಖಾತೆ'ಯ ಮಾತೂ ಇದೇ. ಖಾತೆ ಹೆಸರಿಗಾಯಿತೆಂದರೆ ಕರದ ವಹಿಯಲ್ಲಿ ಹೆಸರು ಬಂದಿತು, ಅಷ್ಟೇ. ಅಣ್ಣನ ಹೆಸರಿನ ಪಟ್ಟಿಯ ಕೆಳಗೆ ತಮ್ಮಂದಿರ, ತಂಗಿಯರ ಹಕ್ಕು ಅಡಗಿರುವ ಮನೆಗಳು ಊರೂರಲ್ಲಿ ಇವೆ. ಹಳೆಯ ಗೋಡೆಗಿಂತ ಹಳೆಯ ವಾಟ್ನಿಯನ್ನು ಮೊದಲು ಪರೀಕ್ಷಿಸುವದು ಮೇಲು.

ಇಂದಾಪುರದ ಏರ್ಪಾಡಿನಿಂದ ಆದ ಇನ್ನೊಂದು ಪರಿಣಾಮ ಸಾಲಕ್ಕೆ ಸಂಬಂಧಿಸಿದ್ದು. ಕಂದಾಯ ಹಗುರಾಗಿ, ಕಬ್ಜೆ ಭದ್ರವಾಗಿ, ಮಾರುವ ಅಡವಿಡುವ ಅಧಿಕಾರವೂ ರೈತನಿಗೆ ಬಂದ ಮೇಲೆ ನೆಲಕ್ಕೆ ಪೇಟೆಯಲ್ಲಿ ಬೆಲೆ ಬಂದಿತು. ಬೆಲೆ ಬಂದದ್ದರ ಮೇಲೆ ಸಾಲವೂ ಹುಟ್ಟುತ್ತದೆ. ಅಮೇರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರ ವರೆಗೆ, ಹತ್ತಿಯ ಬೆಲೆ ಏರಿತು. ಸಾಹುಕಾರರು ಕೈಬಿಚ್ಚಿ ಸಾಲ ಕೊಟ್ಟರು. ಯುದ್ಧ ಮುಗಿದು ಬೆಲೆ ಕುಸಿಯಿತು. 30 ವರ್ಷಗಳ ಅವಧಿ ತೀರಿ 1867ರಲ್ಲಿ ಇಂದಾಪುರದಲ್ಲಿ ಹೊಸ ಆಕಾರ ಬಂದು ಕಂದಾಯ ಬಹಳ ಏರಿತು. ರೈತನು ಓದಲಾರದ ರೋಖೆಗಳಿಗೆ ಹೆಬ್ಬೆಟ್ಟೊತ್ತಿದ್ದನು. ಆ ರೋಖೆಗಳ ಆಧಾರದ ಮೇಲೆ ಕೋರ್ಟು ಹೊಲವನ್ನು ಸಾಹುಕಾರನಿಗೆ ಒಪ್ಪಿಸುತ್ತಿತ್ತು. 1875ರ ಮೇ 12ರಂದು ಇಂದಾಪುರದ ನೆರೆಯ ಸುಪೆಯ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿ ಮನೆಗಳ ಮೇಲೆ ಬಿದ್ದರು. ಪುಣೆ, ಅಹಮದನಗರ ಜಿಲ್ಲೆಗಳಿಗೆ ದಂಗೆ ಹಬ್ಬಿತು. ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ರೋಖೆಯ ಕಾಗದಗಳು. ಸಿಕ್ಕಲ್ಲೆಲ್ಲ ಅವುಗಳನ್ನು ಸುಟ್ಟರು.

ಸುಟ್ಟ ಮಾತ್ರಕ್ಕೆ ಸಾಲ ತೀರಲಿಲ್ಲ. ಆದರೆ ಸರಕಾರ ವಿಚಾರಣಾ ಮಂಡಲವನ್ನು ನೇಮಿಸಿ, 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯದೆಯನ್ನು ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಜಿಲ್ಲೆಗಳಿಗಾಗಿ ತಂದಿತು. ರೋಖೆಯಲ್ಲಿ ಬರೆದ ಮೊತ್ತವನ್ನೇ ನಂಬದೆ ಸಾಲದ ಮೂಲ ಲೆಕ್ಕವನ್ನು ಕೋರ್ಟು ಕೆದಕಿ ನೋಡಬೇಕು, ರೈತನ ರೋಖೆಗಳು ಗ್ರಾಮದ ನೋಂದಣಿ ಅಧಿಕಾರಿಯ ಎದುರಿಗೇ ಆಗಬೇಕು ಎಂಬ ಕಟ್ಟಳೆಗಳು ಅದರಲ್ಲಿ ಇದ್ದವು.

ಇಂದು ಸಾಲ ಕೊಡುವವರು ಬ್ಯಾಂಕುಗಳು. ಅವುಗಳ ಮೇಲೆ ರಿಜರ್ವ್ ಬ್ಯಾಂಕಿನ ಕಣ್ಣಿದೆ. ಆದರೂ ಸಾಲದ ಕಾಗದವನ್ನು ಓದದೆ ಸಹಿ ಹಾಕುವ ಚಾಳಿ ಹೋಗಿಲ್ಲ. ಒಂದು ಸಣ್ಣ ಲೆಕ್ಕ ನೋಡೋಣ. 20 ಲಕ್ಷ ರೂಪಾಯಿ ಸಾಲ, 20 ವರ್ಷ, ಬಡ್ಡಿ ನೂರಕ್ಕೆ 8.5 ಎಂದು ಹಿಡಿದರೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಮೊದಲನೆಯ ತಿಂಗಳ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಸೇರುವದು 3,189 ಮಾತ್ರ. 240 ಕಂತು ಮುಗಿದಾಗ ಕಟ್ಟಿದ ಮೊತ್ತ 41 ಲಕ್ಷ 65 ಸಾವಿರವನ್ನು ದಾಟಿರುತ್ತದೆ. ಸಾಲ ಮಾಡಬಾರದೆಂದು ಇದರ ಅರ್ಥವಲ್ಲ. ಸಾಲವಿಲ್ಲದೆ ನಮ್ಮಲ್ಲಿ ಎಷ್ಟು ಜನ ಮನೆ ಕಂಡಾರು? ಆದರೆ ಬಡ್ಡಿ ಸ್ಥಿರವೋ ಚಂಚಲವೋ, ಬಡ್ಡಿ ಏರಿದರೆ ಏರುವದು ಕಂತೋ ಅವಧಿಯೋ ಎಂಬುದನ್ನು ಸಹಿಗೆ ಮುಂಚೆ ಕೇಳಬೇಕು. ಮೊದಲ ವರ್ಷಗಳಲ್ಲಿ ಕೈಗೆ ಬಂದ ಬೋನಸ್ಸನ್ನು ಅಸಲಿಗೆ ಹಾಕಿದರೆ ಕೊನೆಯ ವರ್ಷಗಳ ಕಂತುಗಳೇ ಉದುರುತ್ತವೆ. ಸಾಲ ತೀರಿದ ಮೇಲೆ 30 ದಿನಗಳೊಳಗೆ ಮೂಲ ಕಾಗದಗಳನ್ನು ಮರಳಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಜರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ಸಾಲಗಾರನ ಕಾಗದಕ್ಕೂ ಬೆಲೆಯಿದೆಯೆಂಬುದು ಸುಪೆಯ ಬೆಂಕಿಯಿಂದ ಇಲ್ಲಿಯ ವರೆಗೆ ನಡೆದುಬಂದ ದಾರಿ.

ಇನ್ನು ಹಕ್ಕಿನ ದಾಖಲೆಯ ಕಡೆಗೆ ಬರೋಣ. ಅಳತೆಯ ಪುಸ್ತಕದಲ್ಲಿ ಕಬ್ಜೆದಾರನ ಹೆಸರೊಂದೇ ಇದ್ದರೆ ಸಾಲದು. ಪಾಲುದಾರರು, ಗೇಣಿದಾರರು, ಅಡವು ಹಿಡಿದವರು ಇವರೆಲ್ಲರ ಹಕ್ಕೂ ದಾಖಲಾಗಬೇಕೆಂಬ ವಿಚಾರ ಬಲಿತು, 1903ರಲ್ಲಿ ಮುಂಬಯಿ ಸರಕಾರ ಹಕ್ಕುದಾಖಲೆಯ ಕಾಯದೆಯನ್ನು ಮಾಡಿತು. ಇಂದು ಮಹಾರಾಷ್ಟ್ರದಲ್ಲಿ ಪ್ರಸಿದ್ಧವಾದ 'ಸಾತ್-ಬಾರಾ' ಈ ವಂಶದ್ದೇ. ಊರಿನ ನಮೂನೆ 7ರಲ್ಲಿ ಹಕ್ಕು, ನಮೂನೆ 12ರಲ್ಲಿ ಬೆಳೆ. ಎರಡೂ ಕೂಡಿ 7-12. ಹಕ್ಕು ಕೈಬದಲಾದ ಇತಿಹಾಸ ನಮೂನೆ 6ರಲ್ಲಿ, ಅಂದರೆ ಫೇರಫಾರ್ ವಹಿಯಲ್ಲಿ ಇರುತ್ತದೆ. 7-12 ಇಂದಿನ ಮುಖ. ಫೇರಫಾರ್ ಅದರ ಜಾತಕ. ಮುಖ ನೋಡಿ ಒಪ್ಪುವವರು ಬಹಳ, ಜಾತಕ ತರಿಸುವವರು ವಿರಳ.

ಈ ದಾಖಲೆಯ ಬಲವೆಷ್ಟು? ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯೂ ನಮ್ಮ 1964ರ ಭೂಕಂದಾಯ ಕಾಯದೆಯೂ ಒಂದೇ ಮಾತನ್ನು ಹೇಳುತ್ತವೆ: ಇದಕ್ಕೆ ವಿರುದ್ಧವಾದದ್ದು ಸಿದ್ಧವಾಗುವ ವರೆಗೆ ಈ ದಾಖಲೆಯನ್ನು ನಿಜವೆಂದು ಭಾವಿಸಬೇಕು. 'ಭಾವಿಸಬೇಕು' ಎಂಬ ಮಾತನ್ನು ವಾಚಕರು ಅಡಿಗೆರೆ ಹಾಕಿ ಓದಬೇಕು. ಹಕ್ಕುಬದಲಾವಣೆಯ ನೋಂದು ಮಾಲಕಿಯನ್ನು ಹುಟ್ಟಿಸುವದೂ ಇಲ್ಲ, ಅಳಿಸುವದೂ ಇಲ್ಲ ಎಂದು ಸುಪ್ರೀಮ್ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಅದೇ ಉತಾರದಲ್ಲಿ ಭೋಗವಟಾದಾರನ ವರ್ಗವನ್ನು ಕಾಣಿಸಿರುತ್ತಾರೆ. 'ವರ್ಗ-1' ಎಂದಿದ್ದರೆ ಮಾರಾಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 'ವರ್ಗ-2' ಎಂದಿದ್ದರೆ ಸರಕಾರ ಷರತ್ತಿನ ಮೇಲೆ ಕೊಟ್ಟ ನೆಲ; ಅಧಿಕಾರಿಗಳ ಮುಂಗಡ ಅನುಮತಿಯಿಲ್ಲದೆ ಅದನ್ನು ಕೊಳ್ಳುವದು ಅಪಾಯ. ಈ ಎಚ್ಚರ ಇಂದಾಪುರದ ಸುತ್ತಲು ವಿಶೇಷವಾಗಿ ಬೇಕು. ಭೀಮೆಗೆ ಅಡ್ಡಲಾಗಿ ಕಟ್ಟಿ 1980ರಲ್ಲಿ ಪೂರ್ಣವಾದ ಉಜನಿ ಅಣೆಕಟ್ಟಿನ ಹಿನ್ನೀರು ಈ ತಾಲೂಕಿನೊಳಗೂ ಹಬ್ಬಿ ಹಳ್ಳಿಗಳನ್ನು ಮುಳುಗಿಸಿತು. ನೀರು ಇಳಿದಾಗ ಪಳಸದೇವದ ಹಳೆಯ ಗುಡಿ ತಲೆಯೆತ್ತುವದನ್ನು ನೋಡಲು ಜನ ಇಂದಿಗೂ ಹೋಗುತ್ತಾರೆ. ಮನೆ ಹೊಲ ಕಳೆದುಕೊಂಡವರಿಗೆ ಬೇರೆ ಕಡೆಗೆ ನೆಲ ಕೊಟ್ಟರು. ಇಂತಹ ಪುನರ್ವಸತಿಯ ನೆಲದ ಮೇಲೆ ಮಾರಾಟದ ನಿರ್ಬಂಧಗಳಿರುವದು ವಾಡಿಕೆ. ಒಬ್ಬರು ಮನೆ ಕಳೆದುಕೊಂಡದ್ದಕ್ಕೆ ಬದಲಾಗಿ ಬಂದ ನೆಲವನ್ನು ಇನ್ನೊಬ್ಬರು ಮನೆಗಾಗಿ ಕೊಳ್ಳುವಾಗ ಕಾನೂನು ಕೇಳುವ ಅನುಮತಿಯು ಕೇವಲ ಕಾಗದದ ಕಟ್ಟಳೆಯಲ್ಲ.

ಪೇಟೆಯ ಅಂಚಿನಲ್ಲಿ ಒಂದು ಗುಂಟೆ, ಎರಡು ಗುಂಟೆಯ ತುಣುಕುಗಳನ್ನು ಅಗ್ಗವಾಗಿ ಮಾರುವದು ಎಲ್ಲ ಊರುಗಳಲ್ಲೂ ಉಂಟು. ಹೊಲ ತುಂಡುತುಂಡಾಗಬಾರದೆಂದು ಮುಂಬಯಿ ಸರಕಾರ 1947ರಲ್ಲಿಯೇ ಕಾಯದೆ ಮಾಡಿತ್ತು. ಆದರೂ ತುಣುಕುಗಳು ಮಾರಾಟವಾದವು, ಮನೆಗಳೂ ಎದ್ದವು; ಅವುಗಳನ್ನು ಸಕ್ರಮಗೊಳಿಸಲು ಮಹಾರಾಷ್ಟ್ರವು 2001ರಲ್ಲಿ ಗುಂಠೇವಾರಿ ಕಾಯದೆಯನ್ನು ತರಬೇಕಾಯಿತು. ಈ ನಿಯಮಗಳು ಕಾಲಕಾಲಕ್ಕೆ ಸಡಿಲಾಗಿವೆ, ಬಿಗಿಯಾಗಿವೆ. ಮಾರುವವನು "ಮುಂದೆ ಸಕ್ರಮವಾಗುತ್ತದೆ" ಎಂದರೆ, ಇಂದು ಅಕ್ರಮವಾಗಿದೆಯೆಂದು ಅವನೇ ಒಪ್ಪಿದಂತಾಯಿತು. ನೆಲವನ್ನು ವಾಸಕ್ಕೆ ಬಳಸಲು ಪರವಾನಗಿ ಇದೆಯೆ, ವಿನ್ಯಾಸದ ನಕಾಶೆಗೆ ಮಂಜೂರಿ ಇದೆಯೆ ಎಂಬುದನ್ನು ಕಚೇರಿಗೆ ಹೋಗಿ ಕೇಳುವದಕ್ಕೆ ನಾಚಿಕೆಪಡಬೇಕಾಗಿಲ್ಲ.

ಮೂರನೆಯ ಕಾಗದ ಖರೀದಿಪತ್ರ. 1882ರ ಆಸ್ತಿ ವರ್ಗಾವಣೆಯ ಕಾಯದೆಯ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಅವಶ್ಯ. 1908ರ ನೋಂದಣಿ ಕಾಯದೆ ಇದಕ್ಕೆ ಕಚೇರಿಯ ಏರ್ಪಾಡನ್ನು ಒದಗಿಸಿದೆ. ಇಲ್ಲಿಯೂ ಒಂದು ಭ್ರಮೆ ಹರಡಿದೆ: "ಸಬ್-ರಜಿಸ್ಟ್ರಾರರೇ ಸಹಿ ಮಾಡಿದ್ದಾರೆ, ಇನ್ನೇನು ಸಂಶಯ?" ಇಂತಹವರು ಇಂತಹವರಿಗೆ ಇಷ್ಟು ಹಣಕ್ಕೆ ಇಂತಹ ದಿನ ಬರೆದುಕೊಟ್ಟರೆಂಬುದಕ್ಕೆ ಆ ಕಚೇರಿ ಸಾಕ್ಷಿ. ಬರೆದುಕೊಟ್ಟವನಿಗೆ ಬರೆದುಕೊಡುವ ಹಕ್ಕಿತ್ತೆಂಬುದಕ್ಕೆ ಅದು ಜಾಮೀನಲ್ಲ. ಆ ಹಕ್ಕಿನ ಶೋಧಕ್ಕಾಗಿ ಹಿಂದಿನ 30 ವರ್ಷಗಳ ವ್ಯವಹಾರಗಳನ್ನು ವಕೀಲರು ಹುಡುಕುವ ರೂಢಿಯಿದೆ. ಮಹಾರಾಷ್ಟ್ರದಲ್ಲಿ ಸೂಚಿ-2, ನಮ್ಮಲ್ಲಿ ಋಣಭಾರ ಪತ್ರ, ಈ ಶೋಧದ ಸಾಧನಗಳು. ಮುಖತ್ಯಾರಪತ್ರ, ಕರಾರುಪತ್ರ, ಮರಣಪತ್ರ ಮೂರನ್ನು ಕಟ್ಟಿ 'ಮಾರಾಟ' ಎನ್ನುವ ಪದ್ಧತಿಯಿಂದ ಮಾಲಕಿ ಬರುವದಿಲ್ಲವೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿತು.

ಹೊರನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕು. ಕಾಗದಗಳು ಮರಾಠಿಯಲ್ಲಿ, ತೀರ ಹಳೆಯವು ಮೋಡಿ ಲಿಪಿಯಲ್ಲಿ. ಮನೆಯಲ್ಲಿ ಮರಾಠಿ ಮಾತು ಬಂದ ಮಾತ್ರಕ್ಕೆ ಮರಾಠಿ ದಸ್ತೈವಜು ಅರ್ಥವಾಗುತ್ತದೆಂದು ತಿಳಿಯಬಾರದು. ಉತಾರದ 'ಇತರ ಹಕ್ಕುಗಳು' ಎಂಬ ಅಂಕಣದಲ್ಲಿ ಸಣ್ಣಕ್ಷರದಲ್ಲಿ ಕುಳಿತ ಒಂದು ಸಾಲು, ಬ್ಯಾಂಕಿನ ಬೋಜೆಯೋ, ತಂಗಿಯ ಹಕ್ಕೋ, ಕುಳಕಾಯದೆಯ ನೋಂದೋ ಆಗಿರಬಹುದು. ಓದಬಲ್ಲವರಿಂದ ಓದಿಸಿ, ಸಾಲು ಸಾಲಾಗಿ ಅರ್ಥ ಕೇಳಿಕೊಂಡು, ಆಮೇಲೆ ಹಣದ ಮಾತಾಡಬೇಕು. 1875ರ ರೈತ ಓದಲಾರದೆ ಹೆಬ್ಬೆಟ್ಟೊತ್ತಿದನು. ಪದವಿ ಪಡೆದ ನಾವು ಓದದೆ ಸಹಿ ಹಾಕಿದರೆ ವ್ಯತ್ಯಾಸ ಶಾಯಿಯಲ್ಲಿ ಮಾತ್ರ.

ಕೊನೆಯ ಕಾಗದ ಸಹಕಾರದ್ದು. ಅದರ ಇತಿಹಾಸದಲ್ಲಿ ಕನ್ನಡಿಗರ ಪಾಲು ಹಿರಿದು. ಸಾಹುಕಾರನ ರೋಖೆಗೆ ಮದ್ದಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರುವರ್ಷವೇ, 1905ರ ಜುಲೈ 8ರಂದು, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಲಕ್ಕಾಗಿ ಕೂಡಿದವರು ಮನೆಗಾಗಿಯೂ ಕೂಡಬಹುದೆಂದು ತೋರಿಸಿದವರಲ್ಲಿ ಮೊದಲಿಗರು 1909ರ ಬೆಂಗಳೂರು ಕಟ್ಟಡ ಸಹಕಾರ ಸಂಘದವರು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಅದರ ಚೇತನರಾದ ರಾವ್ ಬಹಾದ್ದೂರ ಶ್ರೀಪಾದ ಸುಬ್ರಾವ ತಲ್ಮಕಿಯವರು, ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗಕ್ಕೆ ಸೇರಿದವರು. ಉತ್ತರ ಕನ್ನಡದಿಂದ ನೌಕರಿಗೆಂದು ಮುಂಬಯಿಗೆ ಬಂದು ಬಾಡಿಗೆಯ ಕೋಣೆಗಳಲ್ಲಿ ದಿನ ಕಳೆಯುತ್ತಿದ್ದ ಗುಮಾಸ್ತರ ಸಂಸಾರಗಳು ಒಬ್ಬೊಬ್ಬರಾಗಿ ಸಾಧಿಸಲಾರದ್ದನ್ನು ಕೂಡಿ ಸಾಧಿಸಿದವು.

ಈ ಬೀಜದಿಂದ ಬೆಳೆದ ಮರದ ನೆರಳಲ್ಲಿಯೇ ಇಂದಿನ ಫ್ಲ್ಯಾಟುಗಳು ನಿಂತಿವೆ. ಮಹಾರಾಷ್ಟ್ರದಲ್ಲಿ ಫ್ಲ್ಯಾಟು ಕೊಂಡವರ ರಕ್ಷಣೆಗೆ 1963ರಲ್ಲಿ ಕಾಯದೆ ಬಂದಿತು. ಕಟ್ಟಿದವನು ಕೊಂಡವರ ಸಂಘವನ್ನು ರಚಿಸಿ ನೆಲ ಸಹಿತ ಕಟ್ಟಡವನ್ನು ಅದರ ಹೆಸರಿಗೆ ಬರೆದುಕೊಡಬೇಕೆಂಬುದು ಅದರ ತಿರುಳು. ಬಹಳ ಜನ ಬರೆದುಕೊಡದೇ ಹೋದದ್ದರಿಂದ, ಅವರ ಸಹಿಯಿಲ್ಲದೆಯೂ ಅಧಿಕಾರಿಯಿಂದ ವರ್ಗಾವಣೆ ಪಡೆಯುವ ದಾರಿಯನ್ನು 2008ರಲ್ಲಿ ತೆರೆದರು. 2016ರ ರೇರಾ ಕಾಯದೆ ಇಡೀ ದೇಶಕ್ಕೆ ಬಂದಿತು. ನೋಂದಣಿಯಿಲ್ಲದೆ ಜಾಹೀರಾತು ಕೊಡಬಾರದು. ನೋಂದಾಯಿತ ಕರಾರಿಗೆ ಮುಂಚೆ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು. ಕೊಂಡವರ ಹಣದಲ್ಲಿ ನೂರಕ್ಕೆ 70ನ್ನು ಆ ಕಟ್ಟಡದ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. 500 ಚದರ ಮೀಟರಿನೊಳಗಿನ ನೆಲದ ಅಥವಾ 8ಕ್ಕಿಂತ ಹೆಚ್ಚಿಲ್ಲದ ಮನೆಗಳ ಸಣ್ಣ ಯೋಜನೆಗಳಿಗೆ ಈ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳ ಕಟ್ಟಡಗಳು ಹೆಚ್ಚಾಗಿ ಸಣ್ಣವೇ ಆದ್ದರಿಂದ, ಇಂದಾಪುರದಂತಹ ಊರಲ್ಲಿ ಕೊಳ್ಳುವವನು ಕಾನೂನಿನ ಕಣ್ಣಿಗಿಂತ ತನ್ನ ಕಣ್ಣನ್ನೇ ಹೆಚ್ಚು ತೆರೆದಿರಬೇಕಾಗುತ್ತದೆ.

ಹೀಗೆ ಮನೆಯೊಂದರ ಹಿಂದೆ ನಾಲ್ಕು ಪ್ರಶ್ನೆಗಳಿವೆ. ನೆಲ ಎಲ್ಲಿಂದ ಎಲ್ಲಿಯ ವರೆಗೆ ಎಂಬುದಕ್ಕೆ 1836ರ ಸರಪಳಿಯ ವಂಶದ ನಕಾಶೆ ಉತ್ತರ ಕೊಡುತ್ತದೆ. ಯಾರ ಯಾರ ಹಕ್ಕು ಅದರ ಮೇಲಿದೆ ಎಂಬುದಕ್ಕೆ 1903ರ ವಂಶದ ಹಕ್ಕುದಾಖಲೆ ಸುಳಿವು ಕೊಡುತ್ತದೆ. ಯಾರು ಯಾರಿಗೆ ಬರೆದುಕೊಟ್ಟರೆಂಬುದನ್ನು ನೋಂದಣಿ ಕಚೇರಿ ಹೇಳುತ್ತದೆ. ನೆರೆಯವರೊಡನೆ ನಮ್ಮ ಪಾಲೇನೆಂಬುದನ್ನು ಸಂಘದ ಕಾಗದ ಹೇಳುತ್ತದೆ. ನಾಲ್ಕೂ ಒಂದೇ ಮಾತನ್ನು ಆಡಿದರೆ ನಿಶ್ಚಿಂತೆಯಿಂದ ಮುಂಗಡ ಕೊಡಬಹುದು. ಒಂದು ಬೇರೆ ಮಾತಾಡಿದರೂ ಕೈ ತಡೆಯಬೇಕು. ಮುಹೂರ್ತ ಮೀರಿತೆಂದು ಹೆದರಬಾರದು. ಒಳ್ಳೆಯ ಮನೆ ಮತ್ತೊಂದು ಸಿಕ್ಕೀತು, ಕಳೆದ ಹಣ ಸಿಗಲಾರದು.

ರಾಜ್ಯೋತ್ಸವದ ದಿನ ನಾವು ನಾಡಿನ ಗಡಿಗಳನ್ನು ನೆನೆಯುತ್ತೇವೆ. ನಾಡಿಗೆ ಗಡಿಯಿರುವಂತೆ ಮನೆಗೂ ಗಡಿಯಿದೆ. ಅದನ್ನು ಬರೆದಿಟ್ಟ ಕಾಗದವನ್ನು ಸ್ವತಃ ಓದಿ, ಅಳತೆಯವನ ಜೊತೆ ಬಿಸಿಲಲ್ಲಿ ನಿಂತು ಬಾಂದುಗಲ್ಲನ್ನು ಕಣ್ಣಾರೆ ಕಂಡು, ಆಮೇಲೆ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುವದು ಲೇಸು. ಹಾಗೆ ಮನೆ ಮಾಡಿದ ಬಂಧುಗಳಿಗೆ ಆ ಮನೆ ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ತಂಟೆಯಿಲ್ಲದೆ ಸಲ್ಲಲಿ.